ಅಜವಾದ್: 2012ರಲ್ಲಿ ಘೋಷಣೆಯಾದ ದೇಶವನ್ನು ಜಗತ್ತಿನಲ್ಲಿ ಒಬ್ಬರೂ ಯಾಕೆ ಒಪ್ಪಲಿಲ್ಲ?

ಭೂಪಟ ಪ್ರೇಮಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ದಿನದಿಂದ ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಉತ್ತರ ಭಾಗದ ಬಗ್ಗೆ ಕೈಗೆ ಸಿಕ್ಕಿದ್ದೆಲ್ಲ ಓದ್ತಾ ಇದ್ದೀನಿ. ತಲೆಯಿಂದ ಹೋಗ್ತಾ ಇಲ್ಲ, ಅದಕ್ಕೇ ಇಲ್ಲಿ ಹಾಕ್ತಿದ್ದೀನಿ.

2012ರ ಏಪ್ರಿಲ್ 6ರಂದು ಎಂಎನ್‌ಎಲ್‌ಎ (ಅಜವಾದ್ ವಿಮೋಚನಾ ರಾಷ್ಟ್ರೀಯ ಚಳವಳಿ) ಅನ್ನೋ, ಸಹಾರಾ ಮರುಭೂಮಿಯ ಅಲೆಮಾರಿ ಪಶುಪಾಲಕರಾದ ಟುವಾರೆಗ್ ಜನರ ಸಂಘಟನೆ ಟಿಂಬಕ್ಟು, ಗಾವೊ, ಕಿಡಾಲ್ ಪ್ರಾಂತ್ಯಗಳನ್ನು ಸೇರಿಸಿ 'ಅಜವಾದ್' ಸ್ವತಂತ್ರ ದೇಶ ಅಂತ ಘೋಷಿಸಿತು. ಮಾಲಿಯ ಒಟ್ಟು ನೆಲದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅದು. ಆಫ್ರಿಕನ್ ಒಕ್ಕೂಟ, ಫ್ರಾನ್ಸ್, ಅಮೆರಿಕ, ಪಕ್ಕದ ಅಲ್ಜೀರಿಯಾ ಎಲ್ಲರೂ ತಕ್ಷಣ 'ಇಲ್ಲ' ಅಂದರು. ಮೂರು ತಿಂಗಳು ತುಂಬೋ ಮೊದಲೇ ಗಾವೊ ಅವರ ಕೈಬಿಟ್ಟಿತ್ತು.

ಅದಕ್ಕೆ ಒಂಬತ್ತು ತಿಂಗಳು ಮುಂಚೆ, 2011ರ ಜುಲೈನಲ್ಲಿ ದಕ್ಷಿಣ ಸುಡಾನ್ ಹುಟ್ಟಿದಾಗ ಇಡೀ ಜಗತ್ತು ಚಪ್ಪಾಳೆ ತಟ್ಟಿತ್ತು. ಇಲ್ಲಿ ಯಾಕೆ ಬಾಗಿಲು ಮುಚ್ಚಿದ್ದು? 1958ರಲ್ಲೇ ಟಿಂಬಕ್ಟುವಿನ ಕಾಜಿ ಮತ್ತು ಆ ಭಾಗದ ಮುಖಂಡರು 'ನಮ್ಮನ್ನು ದಕ್ಷಿಣದವರ ಜೊತೆ ಸೇರಿಸಬೇಡಿ' ಅಂತ ಫ್ರಾನ್ಸ್‌ಗೆ ಪತ್ರ ಬರೆದಿದ್ದರು. ಆಗ ಮಾಲಿ ಅನ್ನೋ ದೇಶವೇ ಇರಲಿಲ್ಲ. ನನ್ನ ಪ್ರಕಾರ ಇದು ದೊಡ್ಡ ಅನ್ಯಾಯ. ನಿಮಗೇನನ್ನಿಸುತ್ತೆ?

ಲಾ ಓದುವವ

ದಕ್ಷಿಣ ಸುಡಾನ್ ಹೋಲಿಕೆ ನಿಲ್ಲಲ್ಲ. ಅಲ್ಲಿ 2005ರಲ್ಲಿ ಶಾಂತಿ ಒಪ್ಪಂದ ಆಯ್ತು, ಅದರಲ್ಲೇ ಜನಮತಗಣನೆ ನಡೆಸಬೇಕು ಅಂತಿತ್ತು. 2011ರ ಜನವರಿಯಲ್ಲಿ ಶೇ 98ಕ್ಕೂ ಹೆಚ್ಚು ಜನ ಬೇರೆಯಾಗೋಕೆ ಮತ ಹಾಕಿದರು, ಸುಡಾನ್‌ನ ಖಾರ್ಟೂಮ್ ಸರ್ಕಾರವೇ ಫಲಿತಾಂಶ ಒಪ್ಪಿತು. ಎರಿಟ್ರಿಯಾ ಮೊದಲು ಇಟಲಿಯ ಪ್ರತ್ಯೇಕ ವಸಾಹತು ಆಗಿತ್ತು, ಅಲ್ಲೂ 1993ರಲ್ಲಿ ಮತದಾನ ಆಯ್ತು, ಇಥಿಯೋಪಿಯಾ ಒಪ್ಪಿತು. ಬಿಟ್ಟುಕೊಡೋ ದೇಶ ಒಪ್ಪಿದರೆ ಬೇರೆಯವರಿಗೆ ಕಷ್ಟ ಇಲ್ಲ. ಮಾಲಿಯ ರಾಜಧಾನಿ ಬಮಾಕೊದ ಸರ್ಕಾರ ಒಪ್ಪಲಿಲ್ಲ, ಯಾರ ಮತವನ್ನೂ ಕೇಳಿರಲಿಲ್ಲ.

ಇನ್ನೊಂದು, 1964ರ ಕೈರೋ ನಿರ್ಣಯ. ಸ್ವಾತಂತ್ರ್ಯ ಸಿಕ್ಕ ದಿನ ಯಾವ ಗಡಿ ಇತ್ತೋ ಅದನ್ನೇ ಕಾಪಾಡಬೇಕು ಅಂತ ಆಫ್ರಿಕಾದ ದೇಶಗಳು ತಾವೇ ತೀರ್ಮಾನ ಮಾಡಿಕೊಂಡವು. ಒಂದು ಗಡಿ ಬಿಚ್ಚಿದರೆ ಎಲ್ಲ ಗಡಿಯೂ ಬಿಚ್ಚಿಕೊಳ್ಳುತ್ತೆ ಅನ್ನೋ ಭಯ.

ರಾತ್ರಿಪಾಳಿ

ಗಡಿ ಎಳೆದವರು ಪ್ಯಾರಿಸ್‌ನವರು, ಕಾಪಾಡಬೇಕಾದವರು ಮರುಭೂಮಿಯಲ್ಲಿ ಕುರಿ ಮೇಯಿಸೋರು. ಒಳ್ಳೆ ನ್ಯಾಯ ಸಾರ್ ಇದು.

ಸುಬ್ಬಣ್ಣ ಮೇಷ್ಟ್ರು

1958ರ ಪತ್ರ ನಿಜ. ಆದರೆ ಅದರ ಹಿಂದೆ ಏನಿತ್ತು ಅನ್ನೋದನ್ನೂ ಹೇಳಬೇಕು. 1957ರಲ್ಲಿ ಫ್ರಾನ್ಸ್ ಸಹಾರಾ ಪ್ರದೇಶಗಳನ್ನೆಲ್ಲ ಒಟ್ಟು ಮಾಡಿ ಒಂದು ಬೇರೆ ಆಡಳಿತ ವ್ಯವಸ್ಥೆ ಕಟ್ಟಿತು. ಅಲ್ಜೀರಿಯಾದ ಮರಳಿನ ಕೆಳಗೆ ತೈಲ ಸಿಕ್ಕಿತ್ತು, ಅಣುಬಾಂಬ್ ಪರೀಕ್ಷೆಗೂ ಜಾಗ ಬೇಕಿತ್ತು. 1960ರಲ್ಲಿ ರೆಗ್ಗಾನ್‌ನಲ್ಲಿ ಬಾಂಬ್ ಸಿಡಿಸಿದರು ಕೂಡ. ಉತ್ತರದ ಮುಖಂಡರಿಗೆ 'ಫ್ರಾನ್ಸ್ ನಮ್ಮನ್ನು ಬೇರೆ ಇಡುತ್ತೆ' ಅಂತ ಆಸೆ ಹುಟ್ಟಿದ್ದು ಆಗ. ಅಲ್ಜೀರಿಯಾ ಫ್ರಾನ್ಸ್‌ನ ಕೈತಪ್ಪಿದ ಮೇಲೆ ಆ ಯೋಜನೆಯೂ ಹೋಯ್ತು. ಬಮಾಕೊದಲ್ಲಿ ಮಾತ್ರ 'ಟುವಾರೆಗ್ ಅಂದ್ರೆ ಫ್ರೆಂಚರ ಕೈಗೊಂಬೆ' ಅನ್ನೋ ಅನುಮಾನ ಉಳಿದುಬಿಟ್ಟಿತು. ಇವತ್ತಿನವರೆಗೂ ಉಳಿದಿದೆ.

ಆಮೇಲಿನದು ರಕ್ತದ ಕಥೆ. 1963ರಲ್ಲಿ ಕಿಡಾಲ್ ಕಡೆಯ ಬೆಟ್ಟಗಳಲ್ಲಿ ಮೊದಲ ದಂಗೆ ಎದ್ದಿತು. ಒಂಟೆ ಮೇಲೆ ಕೂತು ಹೋರಾಡಿದ ಕೆಲವೇ ನೂರು ಜನ. ಮಾಲಿಯ ಮೊದಲ ಅಧ್ಯಕ್ಷ ಮೊದಿಬೊ ಕೀಟಾ ಅವರ ಸರ್ಕಾರ ಅದನ್ನು ತುಳಿದ ರೀತಿ ಭಯಂಕರ: ಜನರೆದುರೇ ಗುಂಡಿಕ್ಕಿದ್ದು, ಜಾನುವಾರು ಕೊಂದಿದ್ದು. ಬಾವಿಗೆ ವಿಷ ಹಾಕಿದರು ಅಂತ ಟುವಾರೆಗ್ ಮನೆಗಳಲ್ಲಿ ಇವತ್ತಿಗೂ ಹೇಳುತ್ತಾರೆ. ಕಿಡಾಲ್ ವರ್ಷಗಟ್ಟಲೆ ಸೇನಾಡಳಿತದಲ್ಲೇ ಇತ್ತು. ಅದರ ಮೇಲೆ 1972–73ರ ಬರ, ಮತ್ತೆ 1983–84ರ ಬರ. ಹಿಂಡು ಸತ್ತು ಮಣ್ಣಾದ ಮೇಲೆ ಹುಡುಗರು ಕೆಲಸ ಹುಡುಕಿಕೊಂಡು ಅಲ್ಜೀರಿಯಾ, ಲಿಬಿಯಾ ಸೇರಿದರು. ಲಿಬಿಯಾ ಆಳುತ್ತಿದ್ದ ಗಡಾಫಿ ಆ ಹುಡುಗರ ಕೈಗೆ ಬಂದೂಕು ಕೊಟ್ಟ. 1990ರಲ್ಲಿ ಮೆನಾಕಾದಲ್ಲಿ ದಾಳಿ ಮಾಡಿದ್ದು ಆ ತಲೆಮಾರು. 2011ರಲ್ಲಿ ಗಡಾಫಿ ಬಿದ್ದ ಮೇಲೆ ಲಾರಿಗಟ್ಟಲೆ ಆಯುಧದ ಸಮೇತ ವಾಪಸ್ ಬಂದವರಿಂದ 2012ರ ದಂಗೆ.

ಧಾರವಾಡದಾಕಿ

ಮೇಷ್ಟ್ರ, ಇತಿಹಾಸ ಛಲೋ ಹೇಳಿದ್ರಿ. ಆದ್ರ ನಂದೊಂದು ಪ್ರಶ್ನೆ ಐತಿ, ಇಲ್ಲಿ ಯಾರೂ ಕೇಳವಲ್ರು. ಗಾವೊದಾಗ ಇರೋ ಸೊಂಘಾಯ್ ಮಂದೀನ್ನ ಯಾರರ ಕೇಳಿದ್ರೇನು? ನೈಜರ್ ನದಿ ದಂಡಿ ಮ್ಯಾಲೆ ಭತ್ತ ಬೆಳಕೊಂಡು, ಮೀನ ಹಿಡಕೊಂಡು ಇರೋ ಜನ ಅವರು. ದನಾ ಕಾಯೋ ಫುಲಾನಿ ಅದಾರ, ಅರಬ್ಬರು ಅದಾರ. ಕಿಡಾಲ್ ಬಿಟ್ರ ಉತ್ತರದ ಹೆಚ್ಚಿನ ಜನವಸತಿ ಇರೋ ಕಡೆ ಟುವಾರೆಗ್ ಬಹುಸಂಖ್ಯಾತರೇ ಅಲ್ಲ. ಅವರ ಊರಾಗ ನಿಂತು ಇವರು ದೇಶ ಘೋಷಣಾ ಮಾಡಿದ್ರು.

2012ರ ಜೂನ್ 26ಕ್ಕ ಏನಾತು ನೋಡ್ರಿ. ಗಾವೊದಾಗ ಒಬ್ಬ ಸ್ಥಳೀಯ ಕೌನ್ಸಿಲರ್ ಕೊಲೆ ಆತು, ಜನ ಬೀದಿಗಿಳಿದ್ರು, ಅವರ ಮ್ಯಾಲೆ ಗುಂಡು ಹಾರಿದ್ವು. ಎರಡು ದಿನದಾಗ ಮುಜಾವೊ ಅನ್ನೋ ಜಿಹಾದಿ ಗುಂಪು ಎಂಎನ್‌ಎಲ್‌ಎಯನ್ನ ಊರು ಬಿಟ್ಟು ಓಡಿಸ್ತು. ಎಂಎನ್‌ಎಲ್‌ಎ ನಾಯಕ ಬಿಲಾಲ್ ಅಗ್ ಅಶರಿಫ್ ಗಾಯ ಮಾಡಿಕೊಂಡು ಹೋದ. ಊರಿನ ಭಾಳ ಮಂದಿ ಅವತ್ತು ಮುಜಾವೊ ಕಡೆ ಚಪ್ಪಾಳಿ ತಟ್ಟಿದ್ರು. ಜಿಹಾದಿಗಳ ಮ್ಯಾಲೆ ಪ್ರೀತಿ ಅಂತಲ್ಲ, ಲೂಟಿ ಮಾಡಿದವರು ಹೋದ್ರಲ್ಲ ಅನ್ನೋ ಸಮಾಧಾನ. ಹೊರಗಿನವರು ಮಾನ್ಯ ಮಾಡೋದು ದೂರ ಉಳೀತು, ಒಳಗಿನವರೇ ಮಾನ್ಯ ಮಾಡಿರಲಿಲ್ಲ.

ಭೂಪಟ ಪ್ರೇಮಿ

ಮೇಡಂ, ಎಂಎನ್‌ಎಲ್‌ಎ ಯಾವತ್ತೂ 'ಇದು ಟುವಾರೆಗ್‌ಗೆ ಮಾತ್ರ' ಅಂದಿಲ್ಲ. ಟುವಾರೆಗ್, ಸೊಂಘಾಯ್, ಅರಬ್, ಫುಲಾನಿ ನಾಲ್ಕೂ ಜನರ ದೇಶ ಅಂತಲೇ ಹೇಳಿಕೊಂಡಿದ್ದು. ಆಡಳಿತ ನಡೆಸೋಕೆ ಅವರಿಗೆ ಸಮಯ ಸಿಕ್ಕಿದ್ದೆಷ್ಟು? ಎಂಬತ್ತು ದಿನ ಚಿಲ್ಲರೆ. ಮಾಲಿಗೆ ಐವತ್ತು ವರ್ಷ ಸಿಕ್ಕಿತ್ತು.

ಧಾರವಾಡದಾಕಿ

ಹೇಳಿಕೊಳ್ಳೋದು ಬ್ಯಾರೆ ರೀ. ಆ ಸಂಘಟನೆಯ ಮುಂದಾಳುಗಳ ಹೆಸರು ಓದ್ರಿ. ಎಷ್ಟು ಮಂದಿ ಸೊಂಘಾಯ್? ಮತ್ತ ಟುವಾರೆಗ್ ಒಳಗಿನ ಜಾತಿ? ತಲೆಮಾರುಗಟ್ಟಲೆ ಒಡೆಯರ ಡೇರೆಯೊಳಗ ಗುಲಾಮರಾಗಿ ದುಡಿದ ಕರಿಯ ಟುವಾರೆಗ್ ಕುಟುಂಬಗಳು ಲಕ್ಷಾಂತರ ಅದಾವ. ಅವರದೇ 'ತೆಮೆಡ್ಟ್' ಅನ್ನೋ ಸಂಘ ಐತಿ, ಗುಲಾಮಗಿರಿ ವಿರುದ್ಧ ಕೆಲಸ ಮಾಡ್ತದ. ಅವರಿಗೆ ಹೊಸ ದೇಶ ಅಂದ್ರ ಹಳೇ ಒಡೆಯರ ಆಳ್ವಿಕೆ ಅಂತ ಅಂಜಿಕಿ ಆಗೂದಿಲ್ಲೇನು?

ಹಳೇ ಮೈಸೂರು

ಈ ಜಾತಿ ವಿಚಾರ ಬಹಳ ಮುಖ್ಯ. ಕಿಡಾಲ್‌ನಲ್ಲಿ ಇಫೋಘಾಸ್ ಮನೆತನದವರು ಮೇಲಿನವರು, ಇಮ್ಘಾದ್ ಅವರ ಅಧೀನದವರು. ಎಲ್ ಹಜ್ ಅಗ್ ಗಮು ಇಮ್ಘಾದ್. ಅವನೂ ಲಿಬಿಯಾದಲ್ಲಿ ಪಳಗಿದವನೇ, 1990ರಲ್ಲಿ ದಂಗೆಕೋರನೇ. ಆಮೇಲೆ ಮಾಲಿ ಸೇನೆ ಸೇರಿ ಜನರಲ್ ಆದ, 'ಗಟಿಯಾ' ಅನ್ನೋ ಪಡೆ ಅವನ ಸುತ್ತಲೇ ಬೆಳೆದದ್ದು, ವರ್ಷಾನುಗಟ್ಟಲೆ ಪ್ರತ್ಯೇಕತಾವಾದಿಗಳ ಜೊತೆ ಬಡಿದಾಡಿದ. 2023ರಲ್ಲಿ ಸೇನೆ ಕಿಡಾಲ್ ಹಿಡಿದ ಮೇಲೆ ಅಲ್ಲಿಗೆ ಗವರ್ನರ್ ಮಾಡಿದ್ದು ಅವನನ್ನೇ. ಟುವಾರೆಗ್ ವಿರುದ್ಧ ಮಾಲಿ ಅಂತ ಎರಡೇ ಪಕ್ಷ ಇಟ್ಟುಕೊಂಡು ಓದಿದರೆ ಈ ಕಥೆ ಅರ್ಥವೇ ಆಗಲ್ಲ.

ಕುಡ್ಲದ ಕಡಲು

ಒಂದು ವಿಷಯ ಹೇಳ್ತೇನೆ. ನೈಜರ್ ದೇಶದಲ್ಲಿ ಕೂಡ ಟುವಾರೆಗ್ ದಂಗೆ ಆಗಿತ್ತಲ್ಲ, ಆದರೆ ಅಲ್ಲಿ ಬ್ರಿಜಿ ರಫಿನಿ ಎನ್ನುವ ಟುವಾರೆಗ್ 2011ರಿಂದ 2021ರವರೆಗೆ ಪ್ರಧಾನಿ ಆಗಿದ್ದರು. ಮಾಲಿಯವರು ಅಂಥ ಒಂದು ಕುರ್ಚಿ ಕೊಡುತ್ತಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಮಾರಾಯ್ರೇ.

ಸುಬ್ಬಣ್ಣ ಮೇಷ್ಟ್ರು

ಕೊಟ್ಟಿದ್ದರು. ಅಹ್ಮದ್ ಮೊಹಮದ್ ಅಗ್ ಹಮಾನಿ, 2002ರಿಂದ 2004ರವರೆಗೆ ಮಾಲಿಯ ಪ್ರಧಾನಿ. ಟುವಾರೆಗ್. ಎರಡು ವರ್ಷಕ್ಕೆ 2006ರಲ್ಲಿ ಮತ್ತೆ ದಂಗೆ.

ಕುಡ್ಲದ ಕಡಲು

ಎರಡು ವರ್ಷಕ್ಕೂ ಹತ್ತು ವರ್ಷಕ್ಕೂ ವ್ಯತ್ಯಾಸ ಉಂಟಲ್ಲ ಮೇಷ್ಟ್ರೇ. ನೈಜರ್‌ನಲ್ಲಿ ಟುವಾರೆಗ್ ಜನ ದೇಶದ ತುಂಬ ಹರಡಿದ್ದಾರೆ, ಊರೂರಲ್ಲಿ ಮೇಯರ್‌ಗಳಾದರು. ಮಾಲಿಯಲ್ಲಿ ಬಮಾಕೊದಿಂದ ಕಿಡಾಲ್‌ಗೆ 1,500 ಕಿಲೋಮೀಟರ್ ದೂರ. ಕುರ್ಚಿ ಬಮಾಕೊದಲ್ಲಿ, ಬಾಯಾರಿಕೆ ಕಿಡಾಲ್‌ನಲ್ಲಿ.

ಪ್ಯಾರಿಸ್ ಕನ್ನಡಿಗ

ನಾನಿರುವುದು ಪ್ಯಾರಿಸ್ ಪಕ್ಕದ ಮೊಂತ್ರೈನಲ್ಲಿ. ಮಾಲಿಯಿಂದ ಬಂದವರು ಇಲ್ಲಿ ತುಂಬಾ ಜನ, ಹೆಚ್ಚಿನವರು ಪಶ್ಚಿಮದ ಕಾಯೆಸ್ ಕಡೆಯ ಸೊನಿಂಕೆಗಳು. ನನ್ನ ಜೊತೆ ಕೆಲಸ ಮಾಡುವ ಒಬ್ಬರ ಎದುರು ಅಜವಾದ್ ಅನ್ನೋ ಪದ ಬಾಯಿಂದ ಬಂದಿದ್ದೇ ತಡ, ಅವರ ಮುಖ ಕೆಂಪೇರಿತು. 'ಅಗೆಲ್ಹೋಕ್ ಬಗ್ಗೆ ಗೊತ್ತಾ ನಿನಗೆ?' ಅಂದರು. ಅದು ಕಿಡಾಲ್ ಪ್ರಾಂತ್ಯದ ಊರು. 2012ರ ಜನವರಿಯಲ್ಲಿ ಅಲ್ಲಿ ಗುಂಡು ಮುಗಿದು ಸೆರೆಸಿಕ್ಕ ಮಾಲಿ ಸೈನಿಕರನ್ನು ಕೈಕಟ್ಟಿ ಕೊಂದರು. ಆ ಫೋಟೊಗಳು ಬಮಾಕೊ ತಲುಪಿದವು. ಸೈನಿಕರ ಹೆಂಡಂದಿರು ಬೀದಿಗಿಳಿದರು, ಅದೇ ಸಿಟ್ಟಲ್ಲಿ ಮಾರ್ಚ್ 22ಕ್ಕೆ ಕ್ಯಾಪ್ಟನ್ ಸನೊಗೊ ಅಧ್ಯಕ್ಷರನ್ನು ಇಳಿಸಿದ್ದು. ಸೇನೆ ದಿಕ್ಕುತಪ್ಪಿದ ಹತ್ತೇ ದಿನದಲ್ಲಿ ಕಿಡಾಲ್, ಗಾವೊ, ಟಿಂಬಕ್ಟು ಒಂದರ ಹಿಂದೊಂದು ಬಿದ್ದವು.

ಅವರ ಇನ್ನೊಂದು ಸಿಟ್ಟು ಫ್ರಾನ್ಸ್ ಮೇಲೆ. 2013ರಲ್ಲಿ ಫ್ರೆಂಚ್ ಸೇನೆ ಜಿಹಾದಿಗಳನ್ನು ಓಡಿಸಿಕೊಂಡು ಕಿಡಾಲ್ ತಲುಪಿದಾಗ ಮಾಲಿ ಸೇನೆಯನ್ನು ಊರೊಳಗೆ ಬಿಡಲಿಲ್ಲ, ಎಂಎನ್‌ಎಲ್‌ಎ ಮಾತ್ರ ಅಲ್ಲೇ ಉಳಿಯಿತು. 'ನಮ್ಮ ದೇಶದೊಳಗೆ ನಮ್ಮ ಸೇನೆ ಹೋಗೋಕೆ ಫ್ರೆಂಚರ ಅಪ್ಪಣೆ ಬೇಕಿತ್ತು' ಅಂದರು. ಈ ಗಾಯವನ್ನೇ ಮಿಲಿಟರಿ ಸರ್ಕಾರ ಆಮೇಲೆ ಚೆನ್ನಾಗಿ ಬಳಸಿಕೊಂಡಿತು. ಫ್ರೆಂಚರು 2022ರಲ್ಲಿ ಜಾಗ ಖಾಲಿ ಮಾಡಿದಾಗ ಬಮಾಕೊದಲ್ಲಿ ಅಳುವವರು ಯಾರೂ ಇರಲಿಲ್ಲ.

ರಾತ್ರಿಪಾಳಿ

ಅಗೆಲ್ಹೋಕ್ ಕೊಲೆ ಜಿಹಾದಿಗಳದ್ದು. ಎಂಎನ್‌ಎಲ್‌ಎ ಮೇಲೆ ಹಾಕಬೇಡಿ.

ಪ್ಯಾರಿಸ್ ಕನ್ನಡಿಗ

ಆ ದಾಳಿಯಲ್ಲಿ ಜಿಹಾದಿಗಳು, ಎಂಎನ್‌ಎಲ್‌ಎ ಎರಡೂ ಕಡೆಯವರಿದ್ದರು ಅಂತ ಮಾಲಿ ಹೇಳುತ್ತೆ, ಎಂಎನ್‌ಎಲ್‌ಎಯವರು ಇಲ್ಲ ಅನ್ನುತ್ತಾರೆ. ಸತ್ತವರ ಮನೆಯವರಿಗೆ ಅದರಿಂದ ಏನಾಗಬೇಕು? ಹೆಗಲಿಗೆ ಹೆಗಲು ಕೊಟ್ಟು ಯುದ್ಧ ಮಾಡಿದವರ ಮೇಲೆ ಅನುಮಾನ ಬಂದೇ ಬರುತ್ತೆ.

ಹಳೇ ಮೈಸೂರು

ಎಲ್ಲದರ ಕೀಲಿ ಇಯಾದ್ ಅಗ್ ಘಾಲಿ. 1990ರ ದಂಗೆಗೆ ಅವನೇ ನಾಯಕ. ಆಗ ಸಂಗೀತ ಗೋಷ್ಠಿಗಳಲ್ಲಿ ಕೂರುತ್ತಿದ್ದ ಮನುಷ್ಯ. ಆಮೇಲೆ ಸರ್ಕಾರದ ಜೊತೆ ರಾಜಿ ಮಾಡಿಕೊಂಡು ಜೆಡ್ಡಾದಲ್ಲಿ ಮಾಲಿಯ ರಾಜತಾಂತ್ರಿಕ ಆದ, ಅಲ್ಲಿಂದ ಹೊರಹಾಕಿಸಿಕೊಂಡು ಬಂದ. 2011ರಲ್ಲಿ ಎಂಎನ್‌ಎಲ್‌ಎ ನಾಯಕತ್ವ ಕೇಳಿದ, ಹುಡುಗರು ಕೊಡಲಿಲ್ಲ. ಇಫೋಘಾಸ್ ಮುಖ್ಯಸ್ಥನ ಪಟ್ಟದ ಮೇಲೂ ಕಣ್ಣಿತ್ತು, ಅದೂ ಅಲ್ಘಬಾಸ್ ಅಗ್ ಇಂತಲ್ಲಾ ಕಡೆ ವಾಲಿತು. ಎರಡೂ ಕಡೆ ತಪ್ಪಿದ ಮೇಲೆ ಅನ್ಸಾರ್ ದಿನ್ ಅನ್ನೋ ಜಿಹಾದಿ ಗುಂಪು ಕಟ್ಟಿದ. 2012ರ ಮೇ ತಿಂಗಳಲ್ಲಿ ಎಂಎನ್‌ಎಲ್‌ಎ ಅವನ ಜೊತೆ ವಿಲೀನದ ಕಾಗದಕ್ಕೆ ಸಹಿ ಹಾಕಿತು. ಒಬ್ಬರಿಗೆ ಜಾತ್ಯತೀತ ದೇಶ ಬೇಕು, ಇನ್ನೊಬ್ಬರಿಗೆ ಷರಿಯಾ ಬೇಕು, ಕೆಲವೇ ದಿನದಲ್ಲಿ ಮುರಿದುಬಿತ್ತು. ಆದರೆ ಆ ಸಹಿಯಿಂದ ಆದ ನಷ್ಟ ದೊಡ್ಡದು. ಅಲ್‌ಖೈದಾ ಪಕ್ಕ ಕೂತವರಿಗೆ ಯಾವ ದೇಶ ಮಾನ್ಯತೆ ಕೊಡುತ್ತೆ? 2017ರಲ್ಲಿ ಅದೇ ಇಯಾದ್, ಅಲ್‌ಖೈದಾ ಬಣದ ಜಿಹಾದಿ ಒಕ್ಕೂಟವಾದ ಜೆಎನ್‌ಐಎಂ ಮುಖ್ಯಸ್ಥನಾದ.

ತಾಳಮೇಳ

ಸಂಗೀತ ಅಂದಿರಿ, ಸುಮ್ಮನಿರೋಕೆ ಆಗಲ್ಲ. ಟಿನಾರಿವೆನ್ ತಂಡ ಕೇಳಿದ್ದೀರಾ? ಅದರ ಇಬ್ರಾಹಿಂ ಅಗ್ ಅಲ್ಹಬಿಬ್ ಅವರ ತಂದೆಯನ್ನು ಮೇಷ್ಟ್ರು ಹೇಳಿದ 1963ರ ದಮನದಲ್ಲೇ ಕೊಂದದ್ದು. ಹುಡುಗ ತಗಡಿನ ಡಬ್ಬ, ಕೋಲು, ಸೈಕಲ್ ಬ್ರೇಕ್ ತಂತಿ ಸೇರಿಸಿ ತಾನೇ ಗಿಟಾರ್ ಮಾಡಿಕೊಂಡ. ದಂಗೆಯ ಕಾಲದಲ್ಲಿ ಅವರ ಹಾಡು ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ನಕಲಾಗಿ ಮರುಭೂಮಿ ತುಂಬ ಓಡಾಡಿತು. ಪತ್ರಿಕೆ ಇಲ್ಲ, ರೇಡಿಯೊ ಇಲ್ಲ, ಸುದ್ದಿಯೂ ಹಾಡಿನಲ್ಲೇ. 2012ರಲ್ಲಿ ಅವರಿಗೆ ಗ್ರ್ಯಾಮಿ ಬಂತು. ಅದೇ ವರ್ಷ ಅವರ ಉತ್ತರ ಮಾಲಿಯಲ್ಲಿ ಜಿಹಾದಿಗಳು ಸಂಗೀತವನ್ನೇ ನಿಷೇಧ ಮಾಡಿದರು. ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ.

ಲಾ ಓದುವವ

ವಿಷಯಕ್ಕೆ ಬರೋಣ.

ಧಾರವಾಡದಾಕಿ

ಇದೂ ವಿಷಯನ ರೀ. ಟಿಂಬಕ್ಟುದಾಗ ಜಿಹಾದಿಗಳು ಸೂಫಿ ಸಂತರ ಗೋರಿಗಳನ್ನ ಗುದ್ದಲಿ ತಗೊಂಡು ಕೆಡವಿದ್ರು, ಹಸ್ತಪ್ರತಿಗಳನ್ನ ಊರಿನ ಮಂದಿ ತಗಡಿನ ಟ್ರಂಕಿನ್ಯಾಗ ತುಂಬಿ ಕತ್ತೆಗಾಡಿ, ಕಾರು, ದೋಣಿ ಹಿಡದು ಬಮಾಕೊಕ್ಕ ಸಾಗಿಸಿದ್ರು. ಅಬ್ದೆಲ್ ಖಾದರ್ ಹೈದರಾ ಅನ್ನೋರು ಮುಂದ ನಿಂತು ಮಾಡಿಸಿದ ಕೆಲಸ. ಗೋರಿ ಕೆಡವಿದ್ದಕ್ಕ 2016ರಾಗ ಅಲ್ ಮಹ್ದಿ ಅನ್ನಾವಗ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಒಂಬತ್ತು ವರ್ಷ ಶಿಕ್ಷಾ ಕೊಟ್ಟಿತು. ಒಂದು ಊರನ್ನ ಕಾಯಾಕ ಆಗದವರು ದೇಶ ಹೆಂಗ ನಡಸ್ತಿದ್ರು? ಇದು ನನ್ನ ಮೂಲ ತಕರಾರು.

ಭೂಪಟ ಪ್ರೇಮಿ

ಹಾಗಾದರೆ ಮಾಲಿ ಕಾಯ್ದಿತ್ತಾ? ಮಾಲಿ ಸೇನೆಯೂ ಊರು ಬಿಟ್ಟು ಓಡಿಹೋಗಿತ್ತು. ಅದಕ್ಕೆ ಯಾರೂ ಮಾನ್ಯತೆ ಹಿಂದಕ್ಕೆ ಪಡೀಲಿಲ್ಲ. ಮಾನ್ಯತೆ ಇದ್ದವರ ತಪ್ಪು ಮಾಫಿ, ಇಲ್ಲದವರು ಮೊದಲ ದಿನದಿಂದಲೇ ಪರಿಪೂರ್ಣ ಆಗಿರಬೇಕು.

ಒಪ್ಪಂದಗಳ ಕಥೆ ನೋಡಿ. 1991ರಲ್ಲಿ ತಮನ್‌ರಾಸೆಟ್, 1992ರಲ್ಲಿ ರಾಷ್ಟ್ರೀಯ ಒಡಂಬಡಿಕೆ, 1996ರಲ್ಲಿ ಟಿಂಬಕ್ಟುವಿನಲ್ಲಿ ಮೂರು ಸಾವಿರದಷ್ಟು ಬಂದೂಕು ರಾಶಿ ಹಾಕಿ ಬೆಂಕಿ ಹಚ್ಚಿದರು. 2006ರಲ್ಲಿ ಅಲ್ಜಿಯರ್ಸ್, 2015ರಲ್ಲಿ ಮತ್ತೆ ಅಲ್ಜಿಯರ್ಸ್. ಪ್ರತಿ ಸಲವೂ ರಸ್ತೆ, ನೀರು, ಸೇನೆಯಲ್ಲಿ ಪಾಲು, ಸ್ವಂತ ಆಡಳಿತ ಅಂತ ಬರೆದು ಕೊಡೋದು, ಕಾಗದ ಕಪಾಟಿಗೆ ಹೋಗೋದು. ಅದೇ ಎಂಎನ್‌ಎಲ್‌ಎ 2013ರ ಫೆಬ್ರವರಿಯಲ್ಲಿ 'ಸ್ವಾತಂತ್ರ್ಯ ಬೇಡ, ಸ್ವಾಯತ್ತತೆ ಸಾಕು' ಅಂತ ಇಳಿದು ಬಂತು. ಅದನ್ನಾದರೂ ಕೊಟ್ಟರಾ?

ಲಾ ಓದುವವ

ಈ ಮಾತು ಒಪ್ಪುತ್ತೇನೆ. 2015ರ ಒಪ್ಪಂದದ ಹೃದಯ ಅಂದರೆ ಪ್ರಾಂತ್ಯದ ಅಧ್ಯಕ್ಷರನ್ನು ಜನರೇ ನೇರವಾಗಿ ಆರಿಸೋದು, ಪ್ರಾಂತ್ಯಕ್ಕೆ ದೊಡ್ಡ ಅಧಿಕಾರ. ಸಂವಿಧಾನ ತಿದ್ದಬೇಕಿತ್ತು. 2017ರಲ್ಲಿ ತಿದ್ದುಪಡಿಗೆ ಹೊರಟಾಗ ಬಮಾಕೊದಲ್ಲಿ ಬೀದಿ ಹೋರಾಟ ನಡೆದು ಸರ್ಕಾರ ಕೈಬಿಟ್ಟಿತು. ಮಾಜಿ ದಂಗೆಕೋರರೂ ಸೈನಿಕರೂ ಬೆರೆತ ತುಕಡಿ ಕಿಡಾಲ್ ತಲುಪಿದ್ದು 2020ರಲ್ಲಿ, ಐದು ವರ್ಷ ತಡವಾಗಿ. ಆ ವರ್ಷವೇ ಕ್ಷಿಪ್ರಕ್ರಾಂತಿ. 2023ರ ಹೊಸ ಸಂವಿಧಾನದ ಮತದಾನ ಕಿಡಾಲ್‌ನಲ್ಲಿ ನಡೆಯಲೇ ಇಲ್ಲ. 2024ರ ಜನವರಿಯಲ್ಲಿ ಗೊಯಿಟಾ ಅವರ ಮಿಲಿಟರಿ ಸರ್ಕಾರ ಒಪ್ಪಂದ ಮುಗಿಯಿತು ಅಂತ ಹೇಳಿತು.

ದಕ್ಷಿಣದವರ ಮನಸ್ಸನ್ನೂ ನೋಡಿ. ದೇಶದ ಹತ್ತರಲ್ಲಿ ಒಂಬತ್ತು ಪಾಲು ಜನ ಇರೋದು ದಕ್ಷಿಣದಲ್ಲಿ. ಅಲ್ಲೂ ಹಳ್ಳಿಗಳಲ್ಲಿ ಶಾಲೆ ಇಲ್ಲ, ಆಸ್ಪತ್ರೆ ಇಲ್ಲ. ಬಂದೂಕು ಹಿಡಿದವರಿಗೆ ಪ್ರತಿ ಸಲ ಹುದ್ದೆ, ಹಣ ಅಂದಾಗ ಸಿಕಾಸೊದ ಹತ್ತಿ ರೈತನಿಗೆ ಏನನ್ನಿಸಬೇಡ?

ಉಪ್ಪು ನೀರು

ಯಾರಾದರೂ ತಾವೊದೆನಿ ಉಪ್ಪಿನ ಬಗ್ಗೆ ಬರೀತಾರೆ ಅಂತ ಕಾಯ್ತಿದ್ದೆ. ಟಿಂಬಕ್ಟುವಿನಿಂದ ಉತ್ತರಕ್ಕೆ ವಾರಗಟ್ಟಲೆ ನಡೆದರೆ ಸಿಗೋ ಗಣಿ. ನೆಲ ಅಗೆದು ಉಪ್ಪನ್ನು ಕಲ್ಲುಚಪ್ಪಡಿ ಥರ ಕೊಯ್ದು, ಒಂದು ಒಂಟೆಗೆ ನಾಲ್ಕು ಚಪ್ಪಡಿಯಂತೆ ಹೇರಿಕೊಂಡು ಬರ್ತಿದ್ದರು. ಈಗ ಲಾರಿಗಳೂ ಬಂದಿವೆ. ಇದೇ ದಾರಿಗಳಲ್ಲಿ ಈಗ ಸಿಗರೇಟು, ಮಾದಕ ವಸ್ತು, ವಲಸಿಗರ ಸಾಗಣೆ. ಗಾವೊ ಪಕ್ಕದ ಇಂತಹಾಕಾದಲ್ಲಿ ಚಿನ್ನ ಬೇರೆ ಸಿಕ್ಕಿದೆ. ದಾರಿ ಯಾರ ಕೈಲಿದೆಯೋ ದುಡ್ಡು ಅವರ ಕೈಲಿ. ಬಾವುಟದ ಜಗಳದಲ್ಲಿ ಅರ್ಧ ಈ ದಾರಿಯ ಜಗಳ.

ರಾತ್ರಿಪಾಳಿ

ಇಷ್ಟು ಹೊತ್ತು ಯಾರೂ ಅಲ್ಜೀರಿಯಾ ಹೆಸರು ಗಟ್ಟಿಯಾಗಿ ಎತ್ತಿಲ್ಲ. ಹೆಚ್ಚಿನ ಒಪ್ಪಂದಗಳಿಗೆ ಪಂಚಾಯ್ತಿಕೆ ಅವರದ್ದೇ. ತಮ್ಮ ತಮನ್‌ರಾಸೆಟ್‌ನಲ್ಲೂ ಟುವಾರೆಗ್ ಇದ್ದಾರಲ್ಲ, ಪಕ್ಕದಲ್ಲಿ ಟುವಾರೆಗ್ ದೇಶ ಹುಟ್ಟಿದರೆ ಕಷ್ಟ ಅನ್ನೋದು ಅವರ ಲೆಕ್ಕ. ಹಾಗಂತ ಮಾಲಿ ಸೇನೆ ಗಡಿಗೆ ಬಂದು ನಿಲ್ಲೋದೂ ಇಷ್ಟ ಇಲ್ಲ. 2025ರಲ್ಲಿ ಮಾಲಿಯ ಡ್ರೋನನ್ನೇ ಗಡಿ ಊರು ಟಿನ್ಜವಾಟೆನ್ ಹತ್ತಿರ ಹೊಡೆದು ಬೀಳಿಸಿದರು.

ಗಡಿಬಿಡಿ ಗುಂಡ

ಟಿನ್ಜವಾಟೆನ್‌ನಲ್ಲೇ ಅಲ್ವಾ ರಷ್ಯಾದ ಬಾಡಿಗೆ ಸೈನಿಕರ ಪಡೆ ವಾಗ್ನರ್‌ನವರು ಸತ್ತಿದ್ದು?

ಹಳೇ ಮೈಸೂರು

ಹೌದು, 2024ರ ಜುಲೈ ಕೊನೆಗೆ. ಮರಳು ಬಿರುಗಾಳಿಯಲ್ಲಿ ಸಿಕ್ಕಿಹಾಕಿಕೊಂಡ ಮಾಲಿ–ವಾಗ್ನರ್ ತುಕಡಿಯನ್ನು ಪ್ರತ್ಯೇಕತಾವಾದಿಗಳು ಮೂರು ದಿನದಲ್ಲಿ ಪುಡಿ ಮಾಡಿದರು. ಆಫ್ರಿಕಾದಲ್ಲಿ ವಾಗ್ನರ್ ತಿಂದ ಅತಿ ದೊಡ್ಡ ಏಟು ಅದು. ಆ ವರ್ಷದ ನವೆಂಬರ್ ಕೊನೆಗೆ ಹಳೆಯ ಗುಂಪುಗಳನ್ನೆಲ್ಲ ವಿಸರ್ಜಿಸಿ ಎಫ್‌ಎಲ್‌ಎ, ಅಂದರೆ ಅಜವಾದ್ ವಿಮೋಚನಾ ರಂಗ, ಕಟ್ಟಿದರು. ಅಧ್ಯಕ್ಷ ಅದೇ ಅಲ್ಘಬಾಸ್ ಅಗ್ ಇಂತಲ್ಲಾ. 2013ರಲ್ಲಿ ಕೈಬಿಟ್ಟಿದ್ದ ಸ್ವಾತಂತ್ರ್ಯದ ಮಾತು ಮತ್ತೆ ಮೇಲೆ ಬಂತು.

ಧಾರವಾಡದಾಕಿ

ಅದೇ ಅಲ್ಘಬಾಸ್ 2012ರಾಗ ಅನ್ಸಾರ್ ದಿನ್ ಒಳಗ ಇದ್ದಾವ. ಫ್ರೆಂಚರು ಬಂದಕೂಡ್ಲೆ ಬ್ಯಾರೆ ಆದ. ಇಂಥವರನ್ನ ನಂಬಿ ಸೊಂಘಾಯ್ ಮಂದಿ ಹೋಗಬೇಕೇನು?

ಭೂಪಟ ಪ್ರೇಮಿ

ನಾಯಕರನ್ನು ನಂಬಿ ಅಂತ ನಾನು ಹೇಳ್ತಿಲ್ಲ ಮೇಡಂ. 2013ರ ನವೆಂಬರ್‌ನಲ್ಲಿ ಪ್ರಧಾನಿ ಬರಬಾರದು ಅಂತ ಕಿಡಾಲ್ ವಿಮಾನ ನಿಲ್ದಾಣಕ್ಕೆ ನುಗ್ಗಿದವರಲ್ಲಿ ಹೆಂಗಸರು, ಮಕ್ಕಳು ಇದ್ದರು. ಅವರ ಕೈಯಲ್ಲಿ ಬಂದೂಕು ಇರಲಿಲ್ಲ. ಹೆದರಿಸಿ ಕರೆದುಕೊಂಡು ಬಂದ ಜನ ಅಂತ ಅನ್ನಿಸಲ್ಲ ನನಗೆ. ಆ ಊರಿಗೆ ಮಾಲಿ ಬೇಡ ಅನ್ನೋದಾದರೆ ಅದನ್ನು ಕೇಳಿಸಿಕೊಳ್ಳೋಕೆ ಒಂದು ದಾರಿ ಬೇಕಲ್ಲ.

ಸುಬ್ಬಣ್ಣ ಮೇಷ್ಟ್ರು

ಕಿಡಾಲ್ ಮತ್ತು ಗಾವೊ ಒಂದೇ ಅಲ್ಲ. ನೀವಿಬ್ಬರೂ ಬೇರೆ ಬೇರೆ ಊರಿನ ಬಗ್ಗೆ ಜಗಳ ಆಡ್ತಿದ್ದೀರಿ. ಕಿಡಾಲ್ ಪ್ರಾಂತ್ಯದಲ್ಲಿ ಮತ ಕೇಳಿದರೆ ಬಹುಶಃ ಬೇರೆಯಾಗೋದೇ ಗೆಲ್ಲುತ್ತೆ. ಗಾವೊದಲ್ಲಿ ಸೋಲುತ್ತೆ ಅಂತ ಧೈರ್ಯವಾಗಿ ಹೇಳಬಲ್ಲೆ. ಅಜವಾದ್ ನಕ್ಷೆ ಬರೆದವರು ನದಿ ಬೇಕು ಅಂತ ಗಾವೊ, ಟಿಂಬಕ್ಟು ಎರಡನ್ನೂ ಒಳಗೆ ಹಾಕಿಕೊಂಡರು. ನದಿ ಬಿಟ್ಟರೆ ಊಟ ಇಲ್ಲ, ನದಿ ಬೇಕೆಂದರೆ ಒಪ್ಪದ ಜನರನ್ನು ಆಳಬೇಕು. ನನ್ನ ಮಟ್ಟಿಗೆ ಎಡವಟ್ಟು ಇರೋದೇ ಅಲ್ಲಿ.

ಗಡಿಬಿಡಿ ಗುಂಡ

ನಮ್ಮವರೂ ಅಲ್ಲಿದ್ದಾರಲ್ಲ? ಅಪಹರಣ ಆಗಿತ್ತು ಅಂತ ಪೇಪರ್‌ನಲ್ಲಿ ಓದಿದ ನೆನಪು.

ಪ್ಯಾರಿಸ್ ಕನ್ನಡಿಗ

2025ರ ಜುಲೈ 1ರಂದು ಕಾಯೆಸ್‌ನ ಸಿಮೆಂಟ್ ಕಾರ್ಖಾನೆಯಿಂದ ಮೂವರು ಭಾರತೀಯರನ್ನು ಎತ್ತಿಕೊಂಡು ಹೋದರು. ಅದು ಪಶ್ಚಿಮದಲ್ಲಿ, ಅಜವಾದ್‌ನಿಂದ ಬಹಳ ದೂರ. ಅಜವಾದ್ ಹೋರಾಟಕ್ಕೂ ಅದಕ್ಕೂ ಗಂಟು ಹಾಕಬೇಡಿ. ಆದರೆ ಜೆಎನ್‌ಐಎಂ ಎಷ್ಟು ದೂರ ಹಬ್ಬಿದೆ ಅನ್ನೋದು ಅದರಿಂದ ಗೊತ್ತಾಗುತ್ತೆ. ಅದೇ ವರ್ಷ ಸೆಪ್ಟೆಂಬರ್‌ನಿಂದ ಬಮಾಕೊಗೆ ಬರೋ ಡೀಸೆಲ್ ಟ್ಯಾಂಕರ್‌ಗಳನ್ನೇ ಸುಟ್ಟು ರಾಜಧಾನಿಯಲ್ಲಿ ಇಂಧನ ಇಲ್ಲದ ಹಾಗೆ ಮಾಡಿದರು.

ಆಡ್ಮಿನ್

ಇಬ್ಬರ ಪ್ರತಿಕ್ರಿಯೆ ತೆಗೆದಿದ್ದೇನೆ. ಧರ್ಮದ ಹೆಸರು ಹಿಡಿದು ಬೈಯುವಂತಿಲ್ಲ. ಉಳಿದವರು ಮುಂದುವರಿಸಿ.

ಕುಡ್ಲದ ಕಡಲು

ಮಾನ್ಯತೆ, ಬಾವುಟ ಎಲ್ಲ ಮಾತಾಡಿದೆವು. ಮೌರಿಟೇನಿಯಾದ ಎಂಬೆರಾ ಶಿಬಿರದಲ್ಲಿ ಲಕ್ಷಕ್ಕಿಂತ ಹೆಚ್ಚು ಮಾಲಿ ನಿರಾಶ್ರಿತರು ಇದ್ದಾರೆ. 2012ರಲ್ಲಿ ಬಂದವರು ಇನ್ನೂ ಅಲ್ಲೇ ಇದ್ದಾರೆ, ಅಲ್ಲೇ ಮಕ್ಕಳಾಗಿ ಶಾಲೆಗೆ ಹೋಗುತ್ತಿವೆ. ವಾಗ್ನರ್ ಬಂದ ಮೇಲೆ ಮತ್ತೆ ಸಾವಿರಾರು ಜನ ಬಂದರು. ಅವರಲ್ಲಿ ಟುವಾರೆಗ್, ಅರಬ್, ಫುಲಾನಿ ಮೂರೂ ಉಂಟು.

ಧಾರವಾಡದಾಕಿ

ಈ ಮಂದಿ ಊರಿಗೆ ತಿರುಗಿ ಹೋಗೂವಂಗ ಯಾರು ಮಾಡ್ತಾರೋ ಅವರ ಸರ್ಕಾರಕ್ಕ ನಂದು ಬೆಂಬಲ. ಅದು ಬಮಾಕೊದ್ದಿರಲಿ, ಕಿಡಾಲದ್ದಿರಲಿ. ಈಗ ಇಬ್ಬರೂ ಮಾಡವಲ್ರು.

ಭೂಪಟ ಪ್ರೇಮಿ

ಅಷ್ಟು ಮಾತ್ರಕ್ಕೆ ನಾನೂ ಒಪ್ಪುತ್ತೇನೆ. ಆದರೆ ಮೇಷ್ಟ್ರ ಮಾತಿನ ಮೇಲೆ ಒಂದು ಪ್ರಶ್ನೆ ಉಳಿದಿದೆ: ಕಿಡಾಲ್ ಒಂದೇ ಬೇರೆಯಾಗಲಿ ಅಂದರೆ ಅದಕ್ಕೆ ನೀರು, ಧಾನ್ಯ ಎಲ್ಲಿಂದ? ಈಗಲೂ ಹಿಟ್ಟು, ಪೆಟ್ರೋಲು ಅಲ್ಜೀರಿಯಾದಿಂದಲೇ ತಾನೇ ಬರೋದು?

ಉಪ್ಪು ನೀರು

ಹೌದು, ಬಹುಪಾಲು ಅಲ್ಲಿಂದಲೇ. ಟಿನ್ಜವಾಟೆನ್ ದಾರಿ. ನಾಳೆ ಅದರ ಬಗ್ಗೆ ಬೇರೆ ಚರ್ಚೆ ಶುರು ಮಾಡ್ತೀನಿ, ಇಲ್ಲಿ ಉದ್ದ ಆಯ್ತು.